ಉಪ್ಪಾಗೆ ಕಾಯಿ ಮತ್ತು ಸಿಂಗಳೀಕ: ಅಘನಾಶಿನಿ ಕಣಿವೆಯ ಟಿಪ್ಪಣಿ

ಸಿಂಹದಂಥ ಬಾಲದ ಕೋತಿ ಸಿಂಗಳೀಕದ ಬಗ್ಗೆ ಪರೀಕ್ಷೆಗೆಂದು ನಾವೆಲ್ಲ ಬಾಯಿಪಾಠ ಮಾಡುವುದು ಇಷ್ಟು: ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ, ಅಳಿವಿನಂಚಿನಲ್ಲಿದೆ, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಎರಡು ಅಂಕಕ್ಕೆ ಸಾಕು. ದೊಡ್ಡ ಪ್ರಶ್ನೆ ಬಂದರೆ ಉತ್ತರವನ್ನು ಮಳೆಯಿಂದ ಶುರುಮಾಡಿ, ಸಿಂಗಳೀಕಕ್ಕೆ ಬೇಕಾದ ನಿತ್ಯಹರಿದ್ವರ್ಣ ಕಾಡು ನಿಂತಿರುವುದು ಮಳೆಯ ಮೇಲೆ.

ಘಟ್ಟದ ದಕ್ಷಿಣ ತುದಿಯಿಂದ ಉತ್ತರಕ್ಕೆ ಬಂದಂತೆ ಒಣ ತಿಂಗಳುಗಳು ಹೆಚ್ಚುತ್ತವೆ. ಉತ್ತರ ಕನ್ನಡದ ಅಘನಾಶಿನಿ ನದಿಯ ಕಡೆಯ ಶಿರಸಿ, ಸಿದ್ದಾಪುರದಲ್ಲಿ ಮಳೆಗೆ ಬರವಿಲ್ಲ, ಆದರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ ಒಳಗೇ ಸುರಿದು ಮುಗಿಯುತ್ತದೆ. ಆದ್ದರಿಂದ ಇಲ್ಲಿ ನಿತ್ಯಹರಿದ್ವರ್ಣ ಕಾಡು ಹಳ್ಳದ ಬದಿ, ಕಣಿವೆ, ಕಾನುಗಳನ್ನು (ಊರವರು ಉಳಿಸಿಕೊಂಡು ಬಂದ ದಟ್ಟ ಕಾಡು) ಆಶ್ರಯಿಸಿ ನಿಂತಿದೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿಗಳು, ಅಂದರೆ ಜಾಯಿಕಾಯಿ ಕುಲದ ಮರಗಳಿರುವ ಜೌಗು ಕಾಡುಗಳು, ಇದಕ್ಕೆ ಒಳ್ಳೆಯ ಉದಾಹರಣೆ. ವರ್ಷವಿಡೀ ಒದ್ದೆಯಾಗಿರುವ ಕೆಸರಿನಿಂದ ಮರಗಳ ಬೇರು ಮಂಡಿಯಂತೆ ಮೇಲೆದ್ದು ಉಸಿರಾಡುತ್ತದೆ. ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಮರವನ್ನು ವಿಜ್ಞಾನ ಗುರುತಿಸಿದ್ದೇ 2000ದಲ್ಲಿ, ಈ ಕಾನಿನ ಹೆಸರಿನಿಂದಲೇ.

ಸಿಂಗಳೀಕದ ನೆಲೆಯ ಉತ್ತರದ ಅಂಚು ಶಿರಸಿ–ಹೊನ್ನಾವರದ ಈ ಕಾಡುಗಳು. ಅದು ನೆಲಕ್ಕೆ ಇಳಿಯುವುದು ಅಪರೂಪ, ಕೊಂಬೆಯಿಂದ ಕೊಂಬೆಗೇ ಅದರ ದಾರಿ. ರಸ್ತೆಗೋ ತಂತಿಗೋ ಮರ ಕಡಿದು ಮೇಲಿನ ಹೊದಿಕೆ ಹರಿದರೆ ಒಂದು ಹಿಂಡು ಎರಡು ತುಂಡು ಕಾಡಿನ ನಡುವೆ ಸಿಕ್ಕಿಬೀಳುತ್ತದೆ. ಹೆಣ್ಣು ಮರಿ ಹಾಕುವುದೂ ವರ್ಷಗಳ ಅಂತರದಲ್ಲಿ, ಒಮ್ಮೆಗೆ ಒಂದೇ. ಸಂಖ್ಯೆ ಕುಸಿದರೆ ಬೇಗ ಚೇತರಿಸುವುದಿಲ್ಲ.

ಇನ್ನು ನಿಜವಾದ ತಿರುಳು, ಉಪ್ಪಾಗೆ ಎಂಬ ಹುಳಿ ಹಣ್ಣಿನ ಕಾಡುಮರ. ಸಿಂಗಳೀಕ ತಿನ್ನುವ ಹಣ್ಣುಗಳಲ್ಲಿ ಇದರದ್ದೂ ಒಂದು. ಮನುಷ್ಯನಿಗೂ ಬೇಕು: ಸಿಪ್ಪೆಯಲ್ಲಿನ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು ತೂಕ ಇಳಿಸುವ ಮಾತ್ರೆಗಳಿಗೆ ಬಳಸುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಹಣ್ಣು ಬರುವುದು ಮಳೆಗಾಲದಲ್ಲಿ. ಬಿಸಿಲಿಲ್ಲದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು, ಆ ಕಟ್ಟಿಗೆಯೂ ಕಾಡಿನಿಂದಲೇ. ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರಲು ಮನೆತನಗಳಿಗೆ ಬಿಟ್ಟ ಕಾಡು) ಮರವನ್ನು ನೋಡಿಕೊಳ್ಳುವ ಮನೆಯವರಿದ್ದಾರೆ, ಹಣ್ಣಾಗುವವರೆಗೆ ಕಾಯಬಲ್ಲರು. ಒಳಕಾಡಿನ ಮರಕ್ಕೆ ಯಜಮಾನನಿಲ್ಲ. ನಾಳೆ ಬೇರೊಬ್ಬ ಕೊಯ್ದಾನು ಎಂದು ಇಂದೇ ಹಸಿಕಾಯಿ ಉದುರಿಸುತ್ತಾರೆ, ಕೆಲವರು ಟೊಂಗೆಯನ್ನೇ ಕಡಿಯುತ್ತಾರೆ. ಇದನ್ನು ಬಡವರ ದುರಾಸೆ ಎಂದು ಬರೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕಾದವನಿಗೇ ನಷ್ಟವಾಗುವ ವ್ಯವಸ್ಥೆಯಲ್ಲಿ ಯಾರು ಕಾಯುತ್ತಾರೆ?

ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು 2011ರಲ್ಲಿ ಘೋಷಣೆಯಾಯಿತು, ಸುಮಾರು 300 ಚದರ ಕಿಲೋಮೀಟರ್. ಇದನ್ನು ಇದೇ ಜಿಲ್ಲೆಯ ಕಾಳಿ ಹುಲಿ ಮೀಸಲಿನೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ವನ್ಯಜೀವಿ ಕಾಯ್ದೆಗೆ 2002ರ ತಿದ್ದುಪಡಿಯಿಂದ ಬಂದ 36ಎ ಕಲಮಿನ ಪ್ರಕಾರ ಸಂರಕ್ಷಣಾ ಮೀಸಲಿಗೆ ಸ್ಥಳೀಯರೊಂದಿಗೆ ಸಮಾಲೋಚಿಸಬೇಕು, ಒಳಗಿರುವ ಜನರ ಹಕ್ಕುಗಳಿಗೆ ಧಕ್ಕೆಯಿಲ್ಲ. ನಿರ್ವಹಣೆಗೆ ಸಲಹೆ ನೀಡುವ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳೂ ಇರುತ್ತಾರೆ.

ಪರಿಹಾರ ಬರೆಯುವಾಗ ‘ಜನಜಾಗೃತಿ’ ಎಂದು ಒಂದೇ ಪದದಲ್ಲಿ ಮುಗಿಸಬೇಡಿ. ಪಕ್ವವಾದ ಹಣ್ಣನ್ನಷ್ಟೇ ಕೊಯ್ಯುವ ಊರಿನ ಒಪ್ಪಂದ, ಪ್ರತಿ ಮರದಲ್ಲೂ ಪ್ರಾಣಿಗಳಿಗೆ ಒಂದು ಪಾಲು, ಕಡಿಮೆ ಕಟ್ಟಿಗೆ ನುಂಗುವ ಒಣಗಿಸುವ ಒಲೆ, ಸೊಪ್ಪಿನಬೆಟ್ಟದಲ್ಲಿ ಉಪ್ಪಾಗೆ ಕಸಿಗಿಡ ನೆಡುವುದು, ಇವನ್ನು ಹೆಸರಿಸಿ. ಜೊತೆಗೆ ಸಿಂಗಳೀಕಕ್ಕೆ ಉಳಿದ ತಿಂಗಳುಗಳಲ್ಲೂ ಹೊಟ್ಟೆ ತುಂಬಬೇಕಲ್ಲ; ಒಂದೊಂದು ಮರ ಒಂದೊಂದು ಕಾಲಕ್ಕೆ ಹಣ್ಣು ಬಿಡುವ ಅತ್ತಿ, ಆಲದ ಜಾತಿಗಳನ್ನು ಮರೆಯಬೇಡಿ.