ಸೋಮವಾರ ಸಂಜೆಯ ಮೈದಾನ: ಜರ್ಮನಿ ಜಿಲ್ಲೆ ಜಿಲ್ಲೆಯಲ್ಲೂ ಫುಟ್‌ಬಾಲ್ ಪ್ರತಿಭೆ ಹುಡುಕಿದ ಬಗೆ

ಜರ್ಮನಿಯ ಆಟಗಾರ ಮಿರೊಸ್ಲಾವ್ ಕ್ಲೋಸೆ 2014ರಲ್ಲಿ ತನ್ನ 16ನೇ ವಿಶ್ವಕಪ್ ಗೋಲು ಹೊಡೆದು ದಾಖಲೆ ಬರೆದ. ಅದೇ ಕ್ಲೋಸೆ 20ರ ಹರೆಯದವರೆಗೆ ಆಡಿದ್ದು ಕುಸೆಲ್ ಜಿಲ್ಲೆಯ ಬ್ಲೌಬಾಖ್ ಎಂಬ ಸಣ್ಣ ಊರಿನ ಕ್ಲಬ್ಬಿಗೆ, ಕೆಳಹಂತದ ಲೀಗಿನಲ್ಲಿ. ಬಡಗಿ ಕೆಲಸ ಕಲಿಯುತ್ತಿದ್ದ ಹುಡುಗ ಯಾವ ದೊಡ್ಡ ಕ್ಲಬ್ಬಿನ ಯುವ ಅಕಾಡೆಮಿಯ ಕಣ್ಣಿಗೂ ಬಿದ್ದಿರಲಿಲ್ಲ. ಅವನು ಹೇಗೋ ಮೇಲೆ ಬಂದ. ಅವನಂತೆ ಬರಲಾಗದೆ ಊರಲ್ಲೇ ಉಳಿದವರೆಷ್ಟು ಜನ? 1990ರ ದಶಕದ ಜರ್ಮನಿಯಲ್ಲಿ ಈ ಪ್ರಶ್ನೆ ಕೇಳುವವರೇ ಕಡಿಮೆಯಿದ್ದರು.

ಅದಕ್ಕೆ ಕಾರಣವೂ ಇತ್ತು. 1990ರಲ್ಲಿ ಪಶ್ಚಿಮ ಜರ್ಮನಿ ವಿಶ್ವಕಪ್ ಗೆದ್ದಿತು, ಕೆಲವೇ ತಿಂಗಳಲ್ಲಿ ಎರಡು ಜರ್ಮನಿಗಳು ಒಂದಾದವು. ಪೂರ್ವದ ಆಟಗಾರರೂ ಸೇರಿದರೆ ಇನ್ನು ವರ್ಷಗಟ್ಟಲೆ ನಮ್ಮನ್ನು ಸೋಲಿಸುವವರಿಲ್ಲ ಎಂದು ತರಬೇತುದಾರ ಫ್ರಾಂಟ್ಸ್ ಬೆಕೆನ್‌ಬವರ್ ಹೇಳಿದರು. 1996ರಲ್ಲಿ ಯುರೋ ಕಪ್ ಕೂಡ ಬಂತು. ಗೆಲ್ಲುತ್ತಿರುವ ಮನೆಯಲ್ಲಿ ಅಡಿಪಾಯ ನೋಡುವವರು ಯಾರು? ಆಗಿನ ವ್ಯವಸ್ಥೆಯಲ್ಲಿ 21 ಪ್ರಾದೇಶಿಕ ಸಂಘಗಳು ತಮ್ಮ ತಮ್ಮ ವಲಯದ ಆಯ್ಕೆ ತಂಡ ಕಟ್ಟುತ್ತಿದ್ದವು. ಅಲ್ಲಿಗೆ ತಲುಪಬೇಕಾದರೆ ಯಾರಾದರೂ ಹೆಸರು ಹೇಳಬೇಕು, ಅಪ್ಪನ ಬಳಿ ಕಾರಿರಬೇಕು, ಊರು ದೊಡ್ಡ ನಗರದ ಪಕ್ಕದಲ್ಲಿರಬೇಕು. ಅಂಥ ಆಯ್ಕೆ ಪ್ರತಿಭೆಯಷ್ಟೇ ವಿಳಾಸವನ್ನೂ ನೋಡುತ್ತಿತ್ತು.

ಈ ಕೊರತೆಯನ್ನು ಮೊದಲು ಕಾಗದಕ್ಕಿಳಿಸಿದವರಲ್ಲಿ ಮುಖ್ಯರು ಡೀಟ್ರಿಚ್ ವೈಸೆ. 1981ರಲ್ಲಿ ಜರ್ಮನ್ ಕಿರಿಯರಿಗೆ ವಿಶ್ವ ಯುವ ಪ್ರಶಸ್ತಿ ಗೆಲ್ಲಿಸಿಕೊಟ್ಟ ಕೋಚ್ ಅವರು. ದೇಶದ ಮೂಲೆ ಮೂಲೆಯಲ್ಲೂ ತರಬೇತಿ ನೆಲೆ ಇರಬೇಕು, ಕೋಚ್ ಮಗುವಿನ ಬಳಿಗೆ ಹೋಗಬೇಕು ಎಂಬುದು ಅವರ ವಾದ. 1998ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಕ್ರೊಯೇಷಿಯಾ 3-0 ಅಂತರದಲ್ಲಿ ಸೋಲಿಸಿದ ಮೇಲೆ ಡಿಎಫ್‌ಬಿ, ಅಂದರೆ ಜರ್ಮನ್ ಫುಟ್‌ಬಾಲ್ ಸಂಘ, ಸುಮಾರು 120 ನೆಲೆಗಳಿಂದ ಕೆಲಸ ಶುರುಮಾಡಿತು. ಅಷ್ಟು ಸಾಲದು ಎಂಬುದು 2000ದ ಯುರೋ ಕಪ್‌ನಲ್ಲಿ ಸ್ಪಷ್ಟವಾಯಿತು. ರೊಮೇನಿಯಾ ಜತೆ 1-1, ಇಂಗ್ಲೆಂಡ್ ಎದುರು 0-1. ಆಗಲೇ ಮುಂದಿನ ಸುತ್ತಿಗೆ ಹೋಗಿದ್ದ ಪೋರ್ಚುಗಲ್ ಮುಖ್ಯ ಆಟಗಾರರನ್ನು ಕೂರಿಸಿಯೂ 3-0 ಗೆದ್ದಿತು. ಜರ್ಮನಿಯ ರಕ್ಷಣೆಯ ನಡುವೆ ನಿಂತಿದ್ದವರು 39 ವರ್ಷದ ಲೋಥಾರ್ ಮಾಟೆಯುಸ್. ಹದಿನೈದೇ ದಿನ ಕಳೆದು 2006ರ ವಿಶ್ವಕಪ್‌ನ ಆತಿಥ್ಯ ಜರ್ಮನಿಗೆ ಸಿಕ್ಕಿತು. ಸ್ವಂತ ನೆಲದಲ್ಲಿ ಮಾನ ಕಳೆದುಕೊಳ್ಳುವ ಭಯ ಎಲ್ಲರನ್ನೂ ಒಂದೇ ಮೇಜಿಗೆ ತಂದಿತು.

ಎರಡು ನಿರ್ಧಾರಗಳು ಹೊರಬಿದ್ದವು. ಒಂದು ದೊಡ್ಡ ಕ್ಲಬ್ಬುಗಳಿಗೆ ಸಂಬಂಧಿಸಿದ್ದು. 2001-02ರಿಂದ ದೇಶದ ಅಗ್ರ ಲೀಗ್ ಬುಂಡೆಸ್‌ಲೀಗಾದ ಎಲ್ಲ 18 ಕ್ಲಬ್ಬುಗಳೂ, ಮರುವರ್ಷದಿಂದ ಎರಡನೇ ಹಂತದ 18 ಕ್ಲಬ್ಬುಗಳೂ ಯುವ ಅಕಾಡೆಮಿ ನಡೆಸಲೇಬೇಕು, ಇಲ್ಲದಿದ್ದರೆ ಆಡುವ ಪರವಾನಗಿಯೇ ಇಲ್ಲ. ಮೈದಾನಗಳೆಷ್ಟು, ಅವುಗಳಲ್ಲಿ ದೀಪವಿರುವವೆಷ್ಟು, ಪೂರ್ಣಾವಧಿ ಕೋಚ್‌ಗಳೆಷ್ಟು, ಶಾಲೆಯೊಂದಿಗೆ ಒಪ್ಪಂದವಿದೆಯೇ, ಇವೆಲ್ಲ ಷರತ್ತಿನಲ್ಲಿದ್ದವು. ಮೇಲಿನ ವಯೋಗುಂಪುಗಳ ಪ್ರತಿ ತಂಡದಲ್ಲೂ ಜರ್ಮನಿಯ ಪರ ಆಡಲು ಅರ್ಹರಾದ ಕನಿಷ್ಠ 12 ಮಂದಿ ಇರಬೇಕೆಂಬ ನಿಯಮವೂ ಇತ್ತು.

ಎರಡನೆಯದು ಅಷ್ಟು ಸುದ್ದಿಯಾಗಲಿಲ್ಲ, ಆದರೆ ಅದೇ ಹೆಚ್ಚು ದೊಡ್ಡ ಕೆಲಸ. 2002ರಲ್ಲಿ ಜಿಲ್ಲಾ ನೆಲೆಗಳ ಜಾಲ ದೇಶದುದ್ದಕ್ಕೂ ಹರಡಿತು. ಇವಕ್ಕೆ ಅಲ್ಲಿನವರು ಹೇಳುವುದು ‘ಸ್ಟ್ಯೂಟ್ಸ್‌ಪುಂಕ್ಟ್’, ಆಧಾರದ ತಾಣ ಎಂದರ್ಥ. ಮುಂದೆ ಇವುಗಳ ಸಂಖ್ಯೆ 366ಕ್ಕೆ ನಿಂತಿತು. ಜರ್ಮನಿಯ ಸುಮಾರು 3.57 ಲಕ್ಷ ಚದರ ಕಿ.ಮೀ. ವಿಸ್ತೀರ್ಣವನ್ನು ಹಂಚಿ ನೋಡಿದರೆ ಒಂದೊಂದು ನೆಲೆಯ ಪಾಲಿಗೆ ಸಾವಿರ ಚದರ ಕಿ.ಮೀ.ಗೂ ಕಡಿಮೆ ಬರುತ್ತದೆ. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕಿಗೊಂದು ಇದ್ದಂತೆ. ಸುಮಾರು 1,300 ಕೋಚ್‌ಗಳು, ಅವರ ಮೇಲ್ವಿಚಾರಣೆಗೆ 29 ಪೂರ್ಣಾವಧಿ ಸಂಯೋಜಕರು, 11ರಿಂದ 14 ವರ್ಷದ ಸುಮಾರು 14,000 ಮಕ್ಕಳು. ಅಂದರೆ ನೆಲೆಯೊಂದಕ್ಕೆ ಮೂರು-ನಾಲ್ಕು ಕೋಚ್‌ಗಳು, ನಲವತ್ತರ ಆಸುಪಾಸು ಮಕ್ಕಳು.

ನೆಲೆ ಕ್ಲಬ್ ಅಲ್ಲ ಎಂಬುದೇ ಇಡೀ ವ್ಯವಸ್ಥೆಯ ಜಾಣ್ಮೆ. ಅದಕ್ಕೆ ಸ್ವಂತ ಲೀಗ್ ತಂಡವಿಲ್ಲ, ಗೆಲ್ಲಬೇಕಾದ ಅಂಕಗಳಿಲ್ಲ. ಮಗು ತನ್ನೂರಿನ ಕ್ಲಬ್ಬಿನಲ್ಲೇ ಉಳಿಯುತ್ತದೆ, ವಾರಕ್ಕೆ ಎರಡು ಮೂರು ದಿನ ಅಲ್ಲೇ ತರಬೇತಿ ಪಡೆದು ವಾರಾಂತ್ಯದಲ್ಲಿ ಅದೇ ಕ್ಲಬ್ಬಿಗೆ ಆಡುತ್ತದೆ. ವಾರದಲ್ಲೊಂದು ಸಂಜೆ, ಬಹುಪಾಲು ಕಡೆ ಸೋಮವಾರ, ನೆಲೆಯ ಮೈದಾನಕ್ಕೆ ಬಂದು ತನ್ನಷ್ಟೇ ಚುರುಕಾದ ಮಕ್ಕಳ ಜತೆ ಒಂದೂವರೆ-ಎರಡು ಗಂಟೆ ಬೆವರು ಸುರಿಸುತ್ತದೆ. ಅಲ್ಲಿ ಓಟದ ದಮ್ಮಿಗೆ ಸಮಯ ವ್ಯರ್ಥ ಮಾಡುವುದಿಲ್ಲ. ಎರಡೂ ಕಾಲಿನಲ್ಲಿ ಪಾಸ್, ಒಬ್ಬರಿಗೊಬ್ಬರು ಎದುರಾಗಿ ಡ್ರಿಬಲ್, ನಾಲ್ವರಿಗೆ ನಾಲ್ವರ ಸಣ್ಣ ಆಟ, ಬರುವ ಚೆಂಡನ್ನು ಒಂದೇ ಸ್ಪರ್ಶಕ್ಕೆ ಹತೋಟಿಗೆ ತರುವುದು, ಇವುಗಳ ಪುನರಾವರ್ತನೆ. ಊರ ಕ್ಲಬ್ಬಿನಲ್ಲಿ ಸಲೀಸಾಗಿ ಐದು ಜನರನ್ನು ದಾಟುತ್ತಿದ್ದ ಹುಡುಗನಿಗೆ ಇಲ್ಲಿ ಒಬ್ಬನನ್ನು ದಾಟಲು ತಲೆ ಓಡಿಸಬೇಕಾಗುತ್ತದೆ. ಕಲಿಕೆ ಆಗುವುದು ಆ ಕ್ಷಣದಲ್ಲಿ.

ವರ್ಷಕ್ಕೆರಡು ಬಾರಿ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ದೇಶದ ಎಲ್ಲ ನೆಲೆಗಳಲ್ಲೂ ಒಂದೇ ಮಾದರಿಯ ಪರೀಕ್ಷೆ ನಡೆಯುತ್ತದೆ. 20 ಮೀಟರ್ ಓಟ, ಕಂಬಗಳ ನಡುವೆ ತಿರುಗಿ ಓಡುವುದು, ಅದೇ ದಾರಿಯಲ್ಲಿ ಚೆಂಡಿನೊಂದಿಗೆ ಓಡುವುದು, ಎದುರುಬದುರು ಗೋಡೆಗಳಿಗೆ ಪಾಸ್, ಚೆಂಡನ್ನು ನೆಲಕ್ಕೆ ಬೀಳಿಸದೆ ಆಡಿಸುವುದು. ಎರಡನೆಯ ಮತ್ತು ಮೂರನೆಯ ಪರೀಕ್ಷೆಗಳ ಸಮಯವನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಚೆಂಡು ಕಾಲಿಗೆ ಬಂದಾಗ ಮಗು ಎಷ್ಟು ನಿಧಾನವಾಗುತ್ತದೆ ಎಂಬುದು ತಿಳಿಯುತ್ತದೆ. ಓಟದ ಕೊರತೆಯೋ ತಂತ್ರದ ಕೊರತೆಯೋ ಎಂದು ಕೋಚ್ ಅಂದಾಜಿನ ಮೇಲೆ ಹೇಳಬೇಕಾಗಿಲ್ಲ. ಆದರೆ ಕಣ್ಣೆತ್ತಿ ಸಹ ಆಟಗಾರನನ್ನು ನೋಡುವ ಬುದ್ಧಿ ಈ ಅಳತೆಗೆ ಸಿಗುವುದಿಲ್ಲ. ಆಯ್ಕೆಯನ್ನು ಬರೀ ಪರೀಕ್ಷೆಯ ಅಂಕಕ್ಕೆ ಒಪ್ಪಿಸಿಬಿಟ್ಟರೆ ಅಂಥವರೇ ಮೊದಲು ಕೈತಪ್ಪುವುದು.

ನೆಲೆಯಿಂದ ಚೆನ್ನಾಗಿ ಬೆಳೆದವರು ಪ್ರಾದೇಶಿಕ ಆಯ್ಕೆ ತಂಡಕ್ಕೆ, ಅಲ್ಲಿಂದ ಡ್ಯೂಸ್‌ಬುರ್ಗ್‌ನಲ್ಲಿ ನಡೆಯುವ ಪ್ರಾದೇಶಿಕ ತಂಡಗಳ ಪಂದ್ಯಾವಳಿಗೆ ಹೋಗುತ್ತಾರೆ. ರಾಷ್ಟ್ರೀಯ ಕಿರಿಯರ ತಂಡದ ಕೋಚ್‌ಗಳು ಅಲ್ಲಿ ಬಂದು ನೋಡುತ್ತಾರೆ.

ಫಲ ಬರಲು ಏಳೆಂಟು ವರ್ಷ ಹಿಡಿಯಿತು. 2009ರ ಜೂನ್ 29ರಂದು ಮಾಲ್ಮೊದಲ್ಲಿ 21 ವರ್ಷದೊಳಗಿನವರ ಯುರೋಪ್ ಫೈನಲ್‌ನಲ್ಲಿ ಜರ್ಮನಿ ಇಂಗ್ಲೆಂಡನ್ನು 4-0 ಅಂತರದಲ್ಲಿ ಸೋಲಿಸಿತು. ಆ ದಿನ ಆಡಿದ ನಾಯರ್, ಹುಮ್ಮೆಲ್ಸ್, ಬೋಟೆಂಗ್, ಹ್ಯೋವೆಡೆಸ್, ಖೆದಿರಾ, ಓಝಿಲ್ ಆರೂ ಮಂದಿ ಐದು ವರ್ಷಗಳ ನಂತರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಇದನ್ನೆಲ್ಲ ನೆಲೆಗಳ ಲೆಕ್ಕಕ್ಕೇ ಬರೆಯುವುದು ತಪ್ಪಾದೀತು. 2002ರಲ್ಲಿ ಟಿವಿ ಹಕ್ಕು ಕೊಂಡಿದ್ದ ಕಿರ್ಚ್ ಸಂಸ್ಥೆ ದಿವಾಳಿಯಾಗಿ ಕ್ಲಬ್ಬುಗಳ ಕೈ ಬರಿದಾದಾಗ, ಹೊರಗಿನ ಆಟಗಾರರನ್ನು ಕೊಳ್ಳಲಾಗದೆ ತಮ್ಮ ಹುಡುಗರನ್ನೇ ಕಣಕ್ಕಿಳಿಸಿದವು. ಹಣವಿದ್ದಿದ್ದರೆ ಅವರಲ್ಲಿ ಎಷ್ಟೋ ಮಂದಿ ಬೆಂಚಿನ ಮೇಲೆಯೇ ಹಳಬರಾಗುತ್ತಿದ್ದರು. ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ಆಟದ ಬಾಗಿಲು ಅಗಲವಾಗಿ ತೆರೆದದ್ದೂ ಇದೇ ಕಾಲದಲ್ಲಿ.

ಎಡವಟ್ಟುಗಳೂ ಈ ವ್ಯವಸ್ಥೆಯೊಳಗೇ ಬೆಳೆದವು. ಮೊದಲನೆಯದು ಹುಟ್ಟಿದ ತಿಂಗಳು. ವಯೋಗುಂಪಿನ ಗಡಿ ಜನವರಿ 1. ಜನವರಿಯಲ್ಲಿ ಹುಟ್ಟಿದ 11ರ ಹುಡುಗ ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಸುಮಾರು ಒಂದು ವರ್ಷ ದೊಡ್ಡವನು, ಆ ವಯಸ್ಸಿನಲ್ಲಿ ಅದು ಗೇಣುದ್ದದ ವ್ಯತ್ಯಾಸ. ಕೋಚ್ ಆರಿಸುವುದು ಪ್ರತಿಭೆಯನ್ನು ಎಂದುಕೊಂಡು, ಎಷ್ಟೋ ಸಲ ಆರಿಸಿರುವುದು ಮೊದಲೇ ಬೆಳೆದ ಮೈಯನ್ನು. ಹೀಗೆ ಆಯ್ಕೆಯಾದವನಿಗೆ ಹೆಚ್ಚು ತರಬೇತಿ, ಉತ್ತಮ ಎದುರಾಳಿ ಸಿಗುತ್ತಾರೆ, ಅಂತರ ಇನ್ನಷ್ಟು ಹಿಗ್ಗುತ್ತದೆ. ಆದ್ದರಿಂದ ನೆಲೆಯ ಬಾಗಿಲು ಪ್ರತಿ ವರ್ಷ ಮತ್ತೆ ತೆರೆಯಬೇಕು, ಹೋದ ವರ್ಷ ಬಿಟ್ಟ ಹುಡುಗನನ್ನು ಈ ವರ್ಷ ಮತ್ತೆ ಕರೆದು ನೋಡಬೇಕು. ನೆಲೆಯೊಂದರ ಗುಣ ಗೊತ್ತಾಗುವುದು ಅದರ ಮೊದಲ ಆಯ್ಕೆಯಲ್ಲಲ್ಲ, ಎರಡನೆಯ ಮೂರನೆಯ ನೋಟದಲ್ಲಿ.

ಎರಡನೆಯದು ಅಕಾಡೆಮಿಗಳ ಸೆಳೆತ. ದೊಡ್ಡ ಕ್ಲಬ್ಬುಗಳು 11-12ರ ವಯಸ್ಸಿಗೇ, ಕೆಲವೊಮ್ಮೆ ಅದಕ್ಕೂ ಮೊದಲೇ ಮಕ್ಕಳನ್ನು ಒಯ್ಯತೊಡಗಿದವು. ಊರಲ್ಲೇ ಇದ್ದು ಬೆಳೆಯಲಿ ಎಂದು ಕಟ್ಟಿದ ಜಾಲ ಅವರಿಗೆ ಆರಿಸಿಟ್ಟ ಪಟ್ಟಿಯಂತಾಯಿತು. ಹಳ್ಳಿ ಕ್ಲಬ್ಬಿನ ಕೋಚ್ ತನ್ನ ಅತ್ಯುತ್ತಮ ಹುಡುಗನನ್ನು ನೆಲೆಗೆ ಕಳಿಸಲು ಹಿಂಜರಿಯುವುದು ಇದರಿಂದಲೇ, ಆ ಹಿಂಜರಿಕೆಯಲ್ಲಿ ನ್ಯಾಯವೂ ಇದೆ. ಬೆಳೆಸಿದ್ದಕ್ಕೆ ಪ್ರತಿಫಲ ಸಿಗುವ ದಾರಿಗಳು ಕಿರಿದು. ಫೀಫಾ ನಿಯಮದಂತೆ ಆಟಗಾರನ ಅಂತರರಾಷ್ಟ್ರೀಯ ವರ್ಗಾವಣೆಯ ಮೊತ್ತದಲ್ಲಿ 5 ಶೇಕಡಾ ಅವನನ್ನು 12ರಿಂದ 23ರವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಕೆಯಾಗುತ್ತದೆ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಸಿಗುವುದು ಮೊತ್ತದ 0.25 ಶೇಕಡಾ. ಒಂದು ಕೋಟಿ ಯೂರೊ ವರ್ಗಾವಣೆಯಾದರೆ ಆ ನಾಲ್ಕೂ ವರ್ಷ ಬೆಳೆಸಿದ ಕ್ಲಬ್ಬಿಗೆ ಒಂದು ಲಕ್ಷ ಯೂರೊ. ಸಣ್ಣ ಕ್ಲಬ್ಬಿಗೆ ಅದು ದೊಡ್ಡ ಹಣವೇ, ಆದರೆ ಹುಡುಗ ಜರ್ಮನಿಯೊಳಗೇ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಹೋದರೆ ಅವನ ಹಳೆಯ ಜರ್ಮನ್ ಕ್ಲಬ್ಬಿಗೆ ಈ ಪಾಲು ಬರುವುದಿಲ್ಲ.

2018ರಲ್ಲಿ ಮೆಕ್ಸಿಕೊ ಮತ್ತು ದಕ್ಷಿಣ ಕೊರಿಯಾ ಎದುರು, 2022ರಲ್ಲಿ ಜಪಾನ್ ಎದುರು ಸೋತು ಜರ್ಮನಿ ಎರಡು ವಿಶ್ವಕಪ್‌ಗಳಲ್ಲಿ ಗುಂಪು ಹಂತದಲ್ಲೇ ಹೊರಬಿತ್ತು. ಅಚ್ಚುಕಟ್ಟಾಗಿ ಪಾಸ್ ಕೊಡುವವರು ಸಾಲು ಸಾಲಾಗಿದ್ದಾರೆ, ಎದುರಾಳಿಯನ್ನು ಒಬ್ಬಂಟಿಯಾಗಿ ದಾಟುವವರು ಎಲ್ಲಿ ಎಂಬ ದೂರು ಎದ್ದಿತು. ಉತ್ತರ ಹುಡುಕಲು ಈ ಸಲ ಇನ್ನೂ ಕೆಳಗಿಳಿಯಬೇಕಾಯಿತು, 11 ವರ್ಷಕ್ಕಿಂತ ಚಿಕ್ಕವರ ಮೈದಾನಕ್ಕೆ. 2024-25ರಿಂದ ಹೊಸ ಬಗೆಯ ಆಟ ಕಡ್ಡಾಯವಾಯಿತು. ತೀರಾ ಚಿಕ್ಕವರಿಗೆ ನಾಲ್ಕು ಪುಟ್ಟ ಗೋಲುಗಳಿರುವ ಸಣ್ಣ ಅಂಗಳದಲ್ಲಿ ಇಬ್ಬರಿಗಿಬ್ಬರು ಅಥವಾ ಮೂವರಿಗೆ ಮೂವರು, 10-11ರವರಿಗೆ ಐವರಿಗೈವರು, ಹೆಚ್ಚೆಂದರೆ ಏಳು. ಅಂಕಪಟ್ಟಿ ಇಲ್ಲ. ಗೆದ್ದ ತಂಡ ಪಕ್ಕದ ಮೇಲಿನ ಅಂಗಳಕ್ಕೆ, ಸೋತದ್ದು ಕೆಳಗಿನದಕ್ಕೆ ಸರಿಯುತ್ತದೆ, ಹಾಗಾಗಿ ಮೂರನೇ ಸುತ್ತಿನ ಹೊತ್ತಿಗೆ ಬಹುತೇಕ ಎಲ್ಲರಿಗೂ ಸರಿಸಾಟಿ ಎದುರಾಳಿ ಸಿಕ್ಕಿರುತ್ತಾರೆ. ಮೂವರೇ ಇರುವ ತಂಡದಲ್ಲಿ ಚೆಂಡು ಬಾರದೆ ಮೂಲೆಯಲ್ಲಿ ನಿಲ್ಲುವ ಮಗು ಇರಲು ಸಾಧ್ಯವಿಲ್ಲ.

ಸೋಲು-ಗೆಲುವಿನ ಪಟ್ಟಿ ತೆಗೆದದ್ದಕ್ಕೆ ದೊಡ್ಡ ಗದ್ದಲವಾಯಿತು. ಆ ಮೊದಲ ವರ್ಷ ಏಳರ ಹರೆಯದಲ್ಲಿದ್ದ ಮಕ್ಕಳು 11 ತುಂಬಿ ಸೋಮವಾರದ ನೆಲೆಗೆ ಬರುವುದು 2028ರಲ್ಲಿ, ಹಿರಿಯರ ಅಂಗಳಕ್ಕೆ ಕಾಲಿಡುವ ಹೊತ್ತಿಗೆ 2035.