‘ಹೌದು’ ಎನ್ನಬಲ್ಲ ಸಮಿತಿ

2025ರ ಜುಲೈ ಮೊದಲ ವಾರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಹೊರರೋಗಿಗಳ ಸಾಲು ಏಕಾಏಕಿ ಬೆಳೆಯಿತು. ಹಾಸನದಲ್ಲಿ ಸುಮಾರು 40 ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೃದಯಾಘಾತದಿಂದ ತೀರಿಕೊಂಡ ಸುದ್ದಿ ಎಲ್ಲರ ಎದೆ ನಡುಗಿಸಿತ್ತು. ಕೋವಿಡ್ ಲಸಿಕೆಗೆ ತರಾತುರಿಯಲ್ಲಿ ಒಪ್ಪಿಗೆ ಕೊಟ್ಟದ್ದೂ ಕಾರಣವಿರಬಹುದೆಂದು ಮುಖ್ಯಮಂತ್ರಿ ಶಂಕಿಸಿದರು. ಸಂಬಂಧವಿಲ್ಲವೆಂದು ಕೇಂದ್ರ ಆರೋಗ್ಯ ಸಚಿವಾಲಯ ಮರುದಿನವೇ ಹೇಳಿತು. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ರಾಜ್ಯ ಸಮಿತಿಯ ವರದಿಯೂ ಅದನ್ನೇ ಹೇಳಿತು. ‘ಸರ್ಕಾರದವರು ಇನ್ನೇನು ಹೇಳುತ್ತಾರೆ’ ಎಂಬ ಗೊಣಗಾಟ ಮಾತ್ರ ನಿಲ್ಲಲಿಲ್ಲ.

ಗೊಣಗುವವರನ್ನು ಮೂಢರೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ಅವರ ಮುಂದೆ ಬಂದದ್ದು ತೀರ್ಪು, ವಾದವಲ್ಲ.

ವಾದ ನಿಜಕ್ಕೂ ಗಟ್ಟಿಯಾಗಿದೆ. ಆರೋಗ್ಯವಂತರಾಗಿ ಕಾಣುತ್ತಿದ್ದು, 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್ ನಡುವೆ ಹಠಾತ್ತನೆ ಸತ್ತ 18ರಿಂದ 45 ವರ್ಷದ 729 ಜನರ ವಿವರಗಳನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕಲೆಹಾಕಿತು. ಸತ್ತ ಪ್ರತಿಯೊಬ್ಬರಿಗೂ ಅದೇ ವಯಸ್ಸು, ಅದೇ ಲಿಂಗ, ಅದೇ ನೆರೆಹೊರೆಯ ನಾಲ್ವರನ್ನು ಹೋಲಿಕೆಗೆ ಆರಿಸಿತು: ಒಟ್ಟು 2,916 ಜನ. ಈ ಹೋಲಿಕೆಯೇ ಎಲ್ಲಕ್ಕಿಂತ ಮುಖ್ಯ. ಹೆಚ್ಚುಕಡಿಮೆ ಎಲ್ಲರೂ ಲಸಿಕೆ ಪಡೆದ ದೇಶದಲ್ಲಿ ಸತ್ತವರೂ ಲಸಿಕೆ ಪಡೆದವರೇ ಆಗಿರುತ್ತಾರೆ. ಬದುಕಿದವರನ್ನೂ ಎಣಿಸದೆ ಏನೂ ತಿಳಿಯದು. ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು, ಕುಟುಂಬದಲ್ಲಿ ಹಠಾತ್ ಸಾವಿನ ಇತಿಹಾಸ, ಸಾವಿಗೆ ಮುನ್ನ 48 ಗಂಟೆಗಳಲ್ಲಿ ವಿಪರೀತ ಕುಡಿತ, ತೀವ್ರ ದೈಹಿಕ ಶ್ರಮ ಇವು ಅಪಾಯವನ್ನು ಹೆಚ್ಚಿಸಿದ್ದವು. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯಿತ್ತು. ರಾಜ್ಯ ಸಮಿತಿ ಆಧರಿಸಿದ ಜಯದೇವದ 251 ರೋಗಿಗಳ ಅಧ್ಯಯನ ಮಾತ್ರ ಒಂದೇ ಆಸ್ಪತ್ರೆಯ ವೀಕ್ಷಣೆ. ಅದರ ತೂಕ ಕಡಿಮೆಯೆಂದು ಅಧಿಕಾರಿಗಳೇ ಮೊದಲು ಹೇಳಿದ್ದರೆ ಚೆನ್ನಾಗಿರುತ್ತಿತ್ತು.

ಲಸಿಕೆಯಿಂದ ಸಾವೇ ಆಗದೆಂಬ ಮಾತಂತೂ ಸುಳ್ಳು. 2021ರ ಮಾರ್ಚ್ 8ರಂದು ಲಸಿಕೆ ಪಡೆದ 68 ವರ್ಷದ ಒಬ್ಬರು ತೀವ್ರ ಅಲರ್ಜಿಯಿಂದ ತೀರಿಕೊಂಡರು. ಲಸಿಕೆಯ ನಂತರದ 31 ಗಂಭೀರ ಪ್ರಕರಣಗಳನ್ನು ಪರಿಶೀಲಿಸಿದ ರಾಷ್ಟ್ರೀಯ ಸಮಿತಿ, ‘ಹೌದು, ಈ ಸಾವಿಗೆ ಲಸಿಕೆಯೇ ಕಾರಣ’ ಎಂದು ಒಪ್ಪಿಕೊಂಡಿತು. ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವುದೂ ಸಾಬೀತಾಗಿದೆ. ಅದು ಕಾಣಿಸಿಕೊಂಡದ್ದು ಲಸಿಕೆಯಾದ ಕೆಲವು ದಿನ, ಕೆಲವು ವಾರಗಳಲ್ಲಿ. ನಾಲ್ಕು ವರ್ಷಗಳ ನಂತರದ ಹೃದಯಾಘಾತ ಆ ಲೆಕ್ಕಕ್ಕೆ ಹೊಂದುವುದಿಲ್ಲ.

ಮುಚ್ಚಿದ ಬಾಗಿಲ ಹಿಂದಿನ ತನಿಖೆ ‘ಹೌದು’ ಎಂದರೂ ಎಡವಬಹುದು. 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗಿಗೆ ಆಗ ಇದ್ದ ಲಸಿಕೆ ವಾಲ್ಡೆಮಾರ್ ಹಾಫ್‌ಕಿನ್ ಅವರದು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್‌ನಲ್ಲಿ 107 ಜನರಿಗೆ ಅದನ್ನು ಚುಚ್ಚಲಾಯಿತು. ಅವರಲ್ಲಿ 53ಎನ್ ಎಂಬ ಒಂದೇ ಸೀಸೆಯಿಂದ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ಉಳಿದ ಸೀಸೆಗಳವರಿಗೆ ಏನೂ ಆಗಲಿಲ್ಲ. ತನಿಖಾ ಆಯೋಗ ತಪ್ಪನ್ನು ಲಸಿಕೆ ತಯಾರಾದ ಪ್ರಯೋಗಾಲಯದ ತಲೆಗೆ ಕಟ್ಟಿತು, ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ತನಿಖೆಯ ಕಾಗದಪತ್ರಗಳು ವರ್ಷಗಳ ನಂತರ ಹೊರಬಂದಾಗ ಸಾಕ್ಷ್ಯ ಬೇರೆ ಕಥೆ ಹೇಳುತ್ತಿತ್ತು: ಹಳ್ಳಿಯಲ್ಲಿ ಸಹಾಯಕನೊಬ್ಬ ನೆಲಕ್ಕೆ ಬೀಳಿಸಿದ ಚಿಮಟವನ್ನು ಸರಿಯಾಗಿ ಶುದ್ಧೀಕರಿಸದೆ ಅದರಿಂದಲೇ ಆ ಸೀಸೆ ತೆರೆದಿದ್ದ. 1907ರಲ್ಲಿ ಹಾಫ್‌ಕಿನ್ ಪರವಾಗಿ ಪತ್ರಿಕೆಗೆ ಬರೆದವರಲ್ಲಿ ರೊನಾಲ್ಡ್ ರಾಸ್ ಒಬ್ಬರು. ಮಲೇರಿಯಾದ ಗುಟ್ಟು ಬಿಡಿಸಿದ, 1895ರಲ್ಲಿ ಕಾಲರಾ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ಅದೇ ರಾಸ್. ಕಾಗದಗಳು ಕಪಾಟಿನಲ್ಲೇ ಇದ್ದಿದ್ದರೆ ರಾಸ್ ಆದರೂ ಏನು ಮಾಡಬಹುದಿತ್ತು?

ಲಸಿಕೆ ಕೊಡುವಲ್ಲಿ ಅಂಥದ್ದೇ ಎಡವಟ್ಟು ನಮ್ಮ ರಾಜ್ಯದಲ್ಲೂ ನಡೆಯಿತು. 2022ರ ಜನವರಿಯಲ್ಲಿ ರಾಮದುರ್ಗ ತಾಲ್ಲೂಕಿನಲ್ಲಿ ದಡಾರ–ರುಬೆಲ್ಲಾ ಚುಚ್ಚುಮದ್ದಿನ ನಂತರ ಮೂರು ಶಿಶುಗಳು ಸತ್ತವು. ಆದರೆ ಲಸಿಕೆಯನ್ನು ಹೋಟೆಲೊಂದರ ಫ್ರಿಜ್‌ನಲ್ಲಿ ಇಡಲಾಗಿತ್ತೆಂಬುದು ಬೇಗನೆ ಹೊರಬಂತು. ಆಗ ಜನ ಕೇಳಿದ್ದು ಫ್ರಿಜ್ಜಿನ ಬಗ್ಗೆ, ಸಿಬ್ಬಂದಿಯ ಬಗ್ಗೆ. ಅವು ಉತ್ತರವಿರುವ ಪ್ರಶ್ನೆಗಳು.

ಹಾಸನದ ಸಂದರ್ಭದಲ್ಲಿ 729 ಮತ್ತು 2,916ರ ಲೆಕ್ಕವನ್ನು ಮೊದಲ ದಿನವೇ ಕನ್ನಡದಲ್ಲಿ ಬಿಡಿಸಿ ಹೇಳಲು ಯಾವ ಅಡ್ಡಿಯೂ ಇರಲಿಲ್ಲ. ಅಧ್ಯಯನ 2023ರಲ್ಲೇ ಪ್ರಕಟವಾಗಿತ್ತು.