ಎಂ6 ಬೋಲ್ಟ್‌ಗೆ 6 ಎಂಎಂ ಬಿಟ್ ಯಾಕೆ ಅಲ್ಲ?

ನಾನು ಮೊದಲ ಟ್ಯಾಪ್ (ತೂತಿನ ಒಳಗೆ ಬೋಲ್ಟ್‌ಗೆ ಹಲ್ಲು ಕೊರೆಯುವ ಉಪಕರಣ) ಮುರಿದದ್ದು ಮಂಡ್ಯದ ಹತ್ತಿರ ನಮ್ಮೂರಿನ ಆಲೆಮನೆಯಲ್ಲಿ. ಆಗ ಐಟಿಐ ಫಿಟ್ಟರ್ ಮೊದಲ ವರ್ಷ. ಗಾಣದ ಬೆಲ್ಟ್ ಗಾರ್ಡ್ ಸಡಿಲ ಆಗಿತ್ತು, ಹೊಸ ತೂತು ಹಾಕಿ ಎಂ6 ಥ್ರೆಡ್, ಅಂದರೆ 6 ಎಂಎಂ ದಪ್ಪದ ಬೋಲ್ಟ್ ಕಚ್ಚುವ ಹಲ್ಲು, ಹೊಡೆಯಬೇಕಿತ್ತು. ತೂತು ಕೊರೆಯಲು ಕೈಗೆ ಸಿಕ್ಕಿದ್ದು 4.5 ಎಂಎಂ ಬಿಟ್. ತೂತು ಚಿಕ್ಕದಾದರೆ ಥ್ರೆಡ್ ಗಟ್ಟಿ ಬರುತ್ತೆ ಅಂದುಕೊಂಡೆ. ಮೂರನೇ ಸುತ್ತಿಗೆ ಟಕ್ ಅಂತು. ಅರ್ಧ ಟ್ಯಾಪ್ ಒಳಗೇ ಉಳಿಯಿತು. ಟ್ಯಾಪ್ ಗಟ್ಟಿ ಉಕ್ಕಿನದು, ಅದರ ಮೇಲೆ ಮಾಮೂಲಿ ಬಿಟ್ ಓಡುವುದಿಲ್ಲ. ಪಕ್ಕದಲ್ಲಿ ಇನ್ನೊಂದು ತೂತು ಹಾಕಿದೆವು. ಗಾರ್ಡ್ ಈಗಲೂ ಸ್ವಲ್ಪ ಸೊಟ್ಟಗೆ ಕೂತಿದೆ.

ಬಿಟ್ ಎತ್ತಿಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ತೂತಿನಲ್ಲಿ ಬೋಲ್ಟ್ ಕಚ್ಚಬೇಕಾ, ಸುಮ್ನೆ ತೂರಿ ಹೋಗಬೇಕಾ?

ಕಚ್ಚಬೇಕಾದರೆ ಬೋಲ್ಟ್ ಸೈಜಿನಿಂದ ಪಿಚ್ ಕಳೆಯಿರಿ. ಪಿಚ್ ಅಂದರೆ ಒಂದು ಹಲ್ಲಿನ ತುದಿಯಿಂದ ಮುಂದಿನ ಹಲ್ಲಿನ ತುದಿಗೆ ಇರುವ ದೂರ. ಎಂ6ಗೆ ಪಿಚ್ 1, ಬಿಟ್ 5 ಎಂಎಂ. ಎಂ8ಗೆ ಪಿಚ್ 1.25, ಲೆಕ್ಕಕ್ಕೆ 6.75 ಬರುತ್ತದೆ, ಬಳಸುವುದು 6.8. ಎಂ10ಗೆ 8.5, ಎಂ5ಗೆ 4.2, ಎಂ4ಗೆ 3.3. ಇದೆಲ್ಲ ಮಾಮೂಲಿ ಥ್ರೆಡ್‌ಗೆ. ಫೈನ್ ಥ್ರೆಡ್ ಆದರೆ ಪಿಚ್ ಬೇರೆ, ಬಿಟ್ಟೂ ಬೇರೆ. ಎಂ8ಗೇ ಪಿಚ್ 1 ಇದ್ದರೆ 7 ಎಂಎಂ ಬೇಕು.

ಈ ಲೆಕ್ಕದಲ್ಲಿ ಹಲ್ಲು ಪೂರ್ತಿ ಎತ್ತರಕ್ಕೆ ಬರುವುದಿಲ್ಲ, ಸುಮಾರು ಮುಕ್ಕಾಲು ಪಾಲು ಬರುತ್ತದೆ. ಅಷ್ಟೇ ಸಾಕಾ? ಸಾಕು. ಉಳಿದ ಕಾಲು ಭಾಗಕ್ಕಾಗಿ ತೂತು ಚಿಕ್ಕದು ಮಾಡಿದರೆ ಹಿಡಿತ ಜಾಸ್ತಿ ಆಗುವುದು ಚೂರೇ ಚೂರು. ಟ್ಯಾಪ್ ಮೇಲಿನ ಭಾರ ಮಾತ್ರ ವಿಪರೀತ ಏರುತ್ತದೆ. ನನ್ನ 4.5 ಮಾಡಿದ್ದು ಇದನ್ನೇ. ಜೊತೆಗೆ ನಾನು ಎಣ್ಣೆ ಹಾಕಿರಲಿಲ್ಲ, ಅರ್ಧ ಸುತ್ತು ಮುಂದೆ ಹೋಗಿ ಕಾಲು ಸುತ್ತು ಹಿಂದೆ ಬಂದು ಲೋಹದ ಸಿಪ್ಪೆ ಮುರಿಯಲೂ ಇಲ್ಲ. ತಪ್ಪು ಒಂದೇ ಅಲ್ಲ ಬಿಡಿ.

ಬರೀ ತೂರಿ ಹೋಗಬೇಕಾದ ತೂತಿಗೆ ಎಂ6ಗೆ 6.6, ಎಂ8ಗೆ 9, ಎಂ10ಗೆ 11 ಎಂಎಂ. ಸರಿಯಾಗಿ 6ಕ್ಕೆ ಹಾಕಿದರೆ ಒಂದು ಬೋಲ್ಟ್ ಹೋಗಬಹುದು. ನಾಲ್ಕು ಬೋಲ್ಟ್ ಇರುವ ಪ್ಲೇಟ್‌ನಲ್ಲಿ ನಾಲ್ಕನೆಯದು ಕೂರುವುದಿಲ್ಲ.

ಬಿಟ್ ಮೇಲಿನ ನಂಬರ್ ನಂಬಬೇಡಿ. ಬಿಟ್ ಹಿಡಿಯುವ ಚಕ್‌ನಲ್ಲಿ ಜಾರಿ ಜಾರಿ ಅದು ಅಳಿಸಿರುತ್ತದೆ. ದಪ್ಪ ಅಳೆಯುವ ವರ್ನಿಯರ್ ಹಿಡಿಯುವುದು ತುದಿಯ ಹತ್ತಿರ, ಹಿಂಬದಿಯ ಕಡ್ಡಿಗಲ್ಲ. ಕೈಯಲ್ಲಿ ಸಾಣೆ ಹಿಡಿದ ಬಿಟ್ ಆದರೆ ಇನ್ನೂ ಹುಷಾರು. ಎರಡು ಅಲಗು ಸಮ ಇಲ್ಲದಿದ್ದರೆ 5ರ ಬಿಟ್ 5ಕ್ಕಿಂತ ದೊಡ್ಡ ತೂತು ಕೊರೆಯುತ್ತದೆ. ಮೊದಲು ಸ್ಕ್ರ್ಯಾಪ್ ಮೇಲೆ ಕೊರೆದು ಅಳೆಯಿರಿ.

ಮರಕ್ಕೆ ಈ ಲೆಕ್ಕ ಬೇಡ. ಸ್ಕ್ರೂ ಮುಂದೆ ಬಿಟ್ ಹಿಡಿದು ಬೆಳಕಿಗೆ ನೋಡಿ. ಸ್ಕ್ರೂವಿನ ನಡುವಿನ ಕಡ್ಡಿ ಮರೆಯಾಗಬೇಕು, ಎರಡೂ ಪಕ್ಕ ಹಲ್ಲು ಕಾಣಬೇಕು. ಮೆತ್ತನೆ ಮರಕ್ಕೆ ಒಂದು ಕೂದಲೆಳೆ ಚಿಕ್ಕ ಬಿಟ್ ನಡೆಯುತ್ತದೆ. ಮೈಸೂರಿನ ಹಳೇ ಮನೆಗಳ ಬೀಟೆ ಬಾಗಿಲಿಗೆ ಹಿತ್ತಾಳೆ ಸ್ಕ್ರೂ ಹಾಕುವಾಗ ಮೊದಲು ಅದೇ ಸೈಜಿನ ಕಬ್ಬಿಣದ ಸ್ಕ್ರೂ ತಿರುಗಿಸಿ ದಾರಿ ಮಾಡಿ, ಬಿಚ್ಚಿ, ಆಮೇಲೆ ಹಿತ್ತಾಳೆಯದಕ್ಕೆ ಮೇಣ ಸವರಿ ಹಾಕಿ. ನೇರವಾಗಿ ಹಾಕಿದರೆ ತಲೆ ಸ್ಕ್ರೂಡ್ರೈವರ್ ಜೊತೆ ಬರುತ್ತದೆ, ಮೈ ಬಾಗಿಲಲ್ಲೇ ಉಳಿಯುತ್ತದೆ.